ತವರು ಪಂದ್ಯ ಪುಣೆಯಲ್ಲಿ, ಕಪ್ ಬೆಂಗಳೂರಿಗೆ

ವಿಜಯನಗರದಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ಆದರೆ 2018ರಲ್ಲಿ ಕಬಡ್ಡಿ ಲೀಗ್‌ನ ಬೆಂಗಳೂರು ಬುಲ್ಸ್ ತಂಡ ತವರು ಪಂದ್ಯಗಳನ್ನು ಆಡಿದ್ದು ಪುಣೆಯಲ್ಲಿ! ರಾಜಾಜಿನಗರದವರಿಗೂ ಕೆಂಗೇರಿಯವರಿಗೂ ಟಿ.ವಿ.ಯೇ ಗತಿ.

ಆದರೂ ಬುಲ್ಸ್ 'ಬಿ' ವಲಯದಲ್ಲಿ ಮೊದಲು. ಕೊಚ್ಚಿಯ ಕ್ವಾಲಿಫೈಯರ್‌ನಲ್ಲಿ ಗುಜರಾತ್ ಎದುರು 41-29. ಸೀದಾ ಫೈನಲ್.

2019ರ ಜನವರಿ 5, ಮುಂಬೈ. ಮತ್ತೆ ಅದೇ ಗುಜರಾತ್. ವಿರಾಮಕ್ಕೆ ನಾವು 9, ಅವರು 16. 2015ರ ಫೈನಲ್ ಸೋಲು ನೆನಪಿದ್ದವರ ಎದೆ ಢವಢವ. ಆಮೇಲೆ ನೋಡಿ, ಪವನ್ ಶೆರಾವತ್! ರೇಡ್ ಮೇಲೆ ರೇಡ್, ಒಬ್ಬರೇ 22 ಅಂಕ. ಕೊನೆಗೆ 38-33.

2018ರಲ್ಲಿ 'ಈ ಸಲ ಕಪ್ ನಮ್ದೇ' ಅಂತ ಊರೆಲ್ಲ ಕೂಗಿದ್ದು ಕ್ರಿಕೆಟ್‌ಗೆ. ಕಪ್ ತಂದವರು ಕಬಡ್ಡಿಯವರು.