ಉಮರ್ಗಾ: ಕರಿಕಲ್ಲಿನ ಹಾಸುಗಳ ನಡುವೆ

ಹುಮನಾಬಾದಿನಿಂದ ಸೋಲಾಪುರದ ಹೆದ್ದಾರಿ ಹಿಡಿದು, ಬಸವಕಲ್ಯಾಣದ ಕ್ರಾಸ್ ದಾಟಿ ರಾಜ್ಯದ ಗಡಿ ಕಳೆದರೆ ಸಿಗುವ ತಾಲ್ಲೂಕು ಉಮರ್ಗಾ. 1956ರವರೆಗೆ ಗಡಿಯ ಎರಡೂ ಮಗ್ಗುಲು ಒಂದೇ ಹೈದರಾಬಾದ್ ರಾಜ್ಯ. ಈಗ ಅಂಗಡಿ ಬೋರ್ಡುಗಳು ಬೇರೆ. ಎರೆ ಹೊಲ, ತೊಗರಿ, ಕರಿಕಲ್ಲು ಅವೇ.

ಇಲ್ಲಿನ ನೆಲದ ಕಥೆ ತಿಳಿಯಬೇಕಾದರೆ ತೆರೆದ ಬಾವಿಯೊಳಗೆ ಇಣುಕಬೇಕು. ಮೇಲೆ ಎರೆ ಮಣ್ಣು, ಅದರಡಿ ಗರಸು, ಆಮೇಲೆ ಗಟ್ಟಿ ಕರಿಕಲ್ಲು. ಕೆಲವೆಡೆ ಎರಡು ಕಲ್ಲುಹಾಸುಗಳ ನಡುವೆ ಕೆಂಪು ಮಣ್ಣಿನ ಪಟ್ಟಿ. ಒಂದು ಲಾವಾ ಹರಿದು ಆರಿ, ಇನ್ನೊಂದು ಬರುವ ತನಕ ಸಿಕ್ಕ ಬಿಡುವಿನಲ್ಲಿ ಕಲ್ಲು ಕರಗಿ ಮಣ್ಣಾದ ಗುರುತು ಅದು. 1993ರ ಭೂಕಂಪದ ನಂತರ ಹತ್ತಿರದ ಕಿಲ್ಲಾರಿಯಲ್ಲಿ ವಿಜ್ಞಾನಿಗಳು 617 ಮೀಟರ್ ಕೊರೆದರು. ಅದರಲ್ಲಿ 338 ಮೀಟರ್ ಬರೀ ಲಾವಾ ಕಲ್ಲು!

ಲಾವಾ ಸೀಮೆಯಲ್ಲಿ ಮರ ಕಲ್ಲಾಗುವುದು ಎರಡು ಹರಿವುಗಳ ನಡುವಿನ ಇಂಥ ಬಿಡುವಿನಲ್ಲೇ. ಕಾದ ಲಾವಾ ಮರವನ್ನು ಸುಡುತ್ತದೆಯೇ ಹೊರತು ಕಲ್ಲಾಗಿಸುವುದಿಲ್ಲ. ಲಾವಾ ಹಾಸಿನ ಮೇಲೆ ಕೆರೆ ನಿಂತು, ಮರ ಅದರ ಕೆಸರಿನಲ್ಲಿ ಹೂತು, ಗಾಳಿ ತಗಲದೆ ಕೊಳೆಯುವುದು ತಡವಾಗಬೇಕು. ಸುತ್ತಲಿನ ಕಲ್ಲಿನಿಂದ ಸಿಲಿಕಾ ಕರಗಿಸಿಕೊಂಡ ನೀರು ಮರದ ಒಂದೊಂದು ಜೀವಕೋಶಕ್ಕೂ ಇಳಿದು, ಗೋಡೆಗಳಿಗೆ ಅಂಟಿ, ಟೊಳ್ಳು ತುಂಬುತ್ತದೆ. ಅಚ್ಚು ಮರದ್ದು, ವಸ್ತು ಕಲ್ಲಿನದು. ಕಬ್ಬಿಣ ಬೆರೆತರೆ ಕೆಂಪು, ಹಳದಿ. ಮ್ಯಾಂಗನೀಸ್ ಬೆರೆತರೆ ಕಪ್ಪು. ಮಧ್ಯಪ್ರದೇಶದ ಘುಘುವಾದಲ್ಲಿ ತಾಳೆ ಜಾತಿಯ ಮರಗಳು ಹೀಗೇ ಉಳಿದಿವೆ.

ಈ ಲಾವಾ ಹಾಸುಗಳ ವಯಸ್ಸಿನ ಬಗ್ಗೆ ದೊಡ್ಡ ಜಗಳವೇ ನಡೆದಿತ್ತು. ಡೈನೋಸಾರ್‌ಗಳ ಕಾಲದವೇ, ಆಮೇಲಿನವೇ ಎಂಬ ಪ್ರಶ್ನೆಯನ್ನು ಸಸ್ಯವಿಜ್ಞಾನಿ ಬೀರಬಲ್ ಸಾಹ್ನಿ 1934ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಎತ್ತಿದರು. ಕಲ್ಲಾದ ಗಿಡಗಳ ಸಾಕ್ಷ್ಯ ನೋಡಿ ಅವರು ‘ಆಮೇಲಿನವು’ ಎಂಬ ಪಕ್ಷ ಹಿಡಿದರು. ಇಂದಿನ ಲೆಕ್ಕ ಸುಮಾರು 6.6 ಕೋಟಿ ವರ್ಷ. ಅಂದರೆ ಸರಿಯಾಗಿ ಎರಡು ಯುಗಗಳ ಹೊಸ್ತಿಲು. ಎರಡೂ ಪಕ್ಷಗಳು ಪೂರ್ತಿ ಸೋಲಲಿಲ್ಲ ಅನ್ನಬಹುದು.

ಉಮರ್ಗಾದ ಸೀಮೆಯಲ್ಲಿ ಘುಘುವಾದಂಥ ಕಲ್ಲುಮರದ ತೋಪು ಹುಡುಕಿ ಬಂದರೆ ನಿರಾಸೆಯೇ. ಆದರೆ ಮರವನ್ನು ಕಲ್ಲಾಗಿಸುವ ಅದೇ ಸಿಲಿಕಾ ಇಲ್ಲಿ ಕರಿಕಲ್ಲಿನ ಗುಳ್ಳೆಗಳಲ್ಲಿ ಕೂತು ಬಿಳಿ, ಬೂದು ಗಟ್ಟಿಗಳಾಗಿದೆ. ಮಳೆ ಬಿದ್ದ ಹೊಲದಲ್ಲಿ ಅವು ತೊಳೆದಂತೆ ಹೊಳೆಯುತ್ತವೆ. ಕೆಲವಕ್ಕೆ ಪಟ್ಟೆಗಳಿದ್ದು, ‘ಮರದ ಕಲ್ಲು’ ಎಂದು ಯಾರಾದರೂ ಸುಲಭವಾಗಿ ನಂಬಿಬಿಡಬಹುದು. ಚಾಕುವಿನ ಗೀರು ಎರಡರ ಮೇಲೂ ಬೀಳುವುದಿಲ್ಲ, ಆ ಪರೀಕ್ಷೆ ಸಾಲದು. ಅಡ್ಡ ಕತ್ತರಿಸಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳ ಸಾಲು ಕಂಡರೆ ಅವು ನೀರೇರಿದ ನಾಳಗಳು, ಮರವೇ. ಬರೀ ನುಣುಪು ಪಟ್ಟೆಗಳಾದರೆ ಅದು ಅಗೇಟು ಎಂಬ ಸಿಲಿಕಾ ಕಲ್ಲು.

ಇದೇ ಕಲ್ಲಿನ ಹರವಿನಲ್ಲಿ, ಹಳೆಯ ಕಲಬುರಗಿ ಜಿಲ್ಲೆಯ ಲಾವಾ ನಡುವಿನ ಪದರಗಳಲ್ಲಿ, ಸಿಹಿನೀರಿನ ಆಸ್ಟ್ರಕಾಡ್ ಎಂಬ ಸಣ್ಣ ಚಿಪ್ಪುಜೀವಿಗಳು ಸಿಕ್ಕಿವೆ. ಅಲ್ಲಿ ಕೆರೆಗಳಿದ್ದವು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆದ್ದರಿಂದ ಈ ಸೀಮೆಯಲ್ಲಿ ಬಾವಿ ತೋಡಿದಾಗ ಎರಡು ಕಲ್ಲುಹಾಸುಗಳ ನಡುವಿನ ಮಣ್ಣನ್ನು ದಂಡೆಗೆ ಚೆಲ್ಲುವ ಮುಂಚೆ ಒಮ್ಮೆ ಕೆದಕಿ ನೋಡಬಹುದು. ಏನಾದರೂ ಸಿಕ್ಕರೆ ಎಷ್ಟು ಆಳದಲ್ಲಿ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.