ಸದ್ದಿಲ್ಲದೆ ಏಳುವ ಕಂಪ್ಯೂಟರ್

ಮೈಸೂರಿನ ಅಶೋಕಪುರಂನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಓದುಗರೊಬ್ಬರು ಕೇಳಿದ್ದಾರೆ: 'ಹಳೇ ಕಂಪ್ಯೂಟರ್ ಕೈಕೊಟ್ಟಿತು ಅಂತ ಹೊಸದು ಅಸೆಂಬಲ್ ಮಾಡಿಸಿದೆ. ಕೆಲಸವೇನೋ ಚೆನ್ನಾಗೇ ಮಾಡುತ್ತೆ. ಆದರೆ ಆನ್ ಮಾಡಿದರೆ ಸೌಂಡೇ ಇಲ್ಲ. ಮುಂಚೆ ಸ್ವಿಚ್ ಒತ್ತಿ ಆಚೆ ಕಸ ಗುಡಿಸುತ್ತಿದ್ದೆ, ಸೌಂಡ್ ಕೇಳಿಸಿದ ಮೇಲೆ ಒಳಗೆ ಬರುತ್ತಿದ್ದೆ. ಜೋಡಿಸಿಕೊಟ್ಟವರು ಈಗಿನದರಲ್ಲಿ ಅದೆಲ್ಲ ಬರಲ್ಲ ಸಾರ್ ಅಂತಾರೆ. ಒಳಗೆ ಏನಾದರೂ ಕೆಟ್ಟಿದೆಯಾ?'

ಇದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಒಂದು ಮರುಪ್ರಶ್ನೆ ಕೇಳಲೇಬೇಕು. ಯಾವ ಸೌಂಡು? ಸ್ವಿಚ್ ಒತ್ತಿದ ತಕ್ಷಣ, ಪರದೆಯಲ್ಲಿ ಇನ್ನೂ ಏನೂ ಕಾಣುವ ಮುಂಚೆ 'ಬೀಪ್' ಎನ್ನುತ್ತಿತ್ತಲ್ಲ, ಅದೇ? ಅಥವಾ ವಿಂಡೋಸ್ ಗುರುತು ಮೂಡುವಾಗ ಬರುತ್ತಿದ್ದ ಆ ಚಿಕ್ಕ ಸಂಗೀತವೇ? ಎರಡನ್ನೂ ಜನ ಒಂದೇ ಬಾಯಲ್ಲಿ 'ಸ್ಟಾರ್ಟಿಂಗ್ ಸೌಂಡ್' ಅನ್ನುತ್ತಾರೆ. ಆದರೆ ಇವೆರಡಕ್ಕೂ ಸಂಬಂಧವೇ ಇಲ್ಲ. ಹುಟ್ಟುವ ಜಾಗ ಬೇರೆ, ಹೊರಬರುವ ದಾರಿ ಬೇರೆ, ಕಳೆದುಹೋಗುವ ಕಾರಣವೂ ಬೇರೆ. ಈ ವ್ಯತ್ಯಾಸ ತಿಳಿಯದೆ ಸ್ಪೀಕರ್ ಬದಲಾಯಿಸುವವರು, ಡ್ರೈವರ್ ಹಾಕಿಸುವವರು, ಕೊನೆಗೆ ಫಾರ್ಮ್ಯಾಟ್ ಮಾಡಿಸಿ ಫೈಲುಗಳನ್ನು ಕಳೆದುಕೊಳ್ಳುವವರು ಬಹಳ ಮಂದಿ.

ಮೊದಲು ಬೀಪ್ ವಿಚಾರ. ಕೇಳಿದವರು ರೈಲ್ವೆ ವರ್ಕ್‌ಶಾಪ್ ಇರುವ ಅಶೋಕಪುರಂನವರಾದ್ದರಿಂದ ಆ ವರ್ಕ್‌ಶಾಪಿನ ಭಾಷೆಯಲ್ಲೇ ಹೇಳುತ್ತೇನೆ. ಹಿಂದೆಲ್ಲ ರೈಲು ನಿಂತಾಗ ಉದ್ದ ಹಿಡಿಯ ಸುತ್ತಿಗೆ ಹಿಡಿದ ನೌಕರನೊಬ್ಬ ಬೋಗಿಯಿಂದ ಬೋಗಿಗೆ ನಡೆಯುತ್ತ ಪ್ರತಿ ಗಾಲಿಗೂ ಒಂದೇಟು ಹಾಕುತ್ತಿದ್ದ. ಗಟ್ಟಿ ಗಾಲಿಯಾದರೆ 'ಠಣ್' ಎಂದು ನಾದ ಎಳೆದುಕೊಂಡು ಹೋಗುತ್ತದೆ. ಬಿರುಕು ಬಿಟ್ಟಿದ್ದರೆ ಆ ಬಿರುಕಿನ ಎರಡು ಮುಖಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ನುಂಗಿಬಿಡುತ್ತವೆ. ಆಗ ಬರುವುದು 'ಥಪ್' ಎಂಬ ಮಂದ ಸದ್ದು. ಗಾಲಿಯನ್ನು ಕಳಚುವುದು ಬೇಡ, ಒಳಗೆ ಇಣುಕುವುದೂ ಬೇಡ. ಕಣ್ಣಿಗೆ ಕಾಣದ ದೋಷವನ್ನು ಕಿವಿ ಹೇಳಿಬಿಡುತ್ತಿತ್ತು. ಈಗ ಆ ಕೆಲಸವನ್ನು ಹೆಚ್ಚಾಗಿ ಅಲ್ಟ್ರಾಸಾನಿಕ್ ಯಂತ್ರಗಳು ಮಾಡುತ್ತವೆ. ಅವು ಬಳಸುವುದೂ ಶಬ್ದವನ್ನೇ, ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು.

ಕಂಪ್ಯೂಟರಿನ ಬೀಪ್ ಕೂಡ ಇಂಥ ಸುತ್ತಿಗೆಯ ಏಟೇ. ಐಬಿಎಂ ಕಂಪನಿ 1981ರ ಆಗಸ್ಟ್‌ನಲ್ಲಿ ತನ್ನ ಮೊದಲ ಪಿಸಿ ಹೊರತಂದಾಗ ಅದರ ಬಯಾಸ್ ಚಿಪ್ಪಿನೊಳಗೆ ಸ್ವಯಂಪರೀಕ್ಷೆಯ ಪ್ರೋಗ್ರಾಂ ಒಂದನ್ನು ಬರೆದಿಟ್ಟಿತ್ತು. ವಿದ್ಯುತ್ ಹರಿದ ಕೂಡಲೇ ಪ್ರೊಸೆಸರ್ ಮೊದಲು ಓದುವುದು ಅದನ್ನೇ. ಪ್ರೊಸೆಸರ್ ಸರಿಯಿದೆಯೇ, ಬಯಾಸ್ ಚಿಪ್ ಸರಿಯಿದೆಯೇ, ಟೈಮರ್ ಓಡುತ್ತಿದೆಯೇ, ಮೆಮೊರಿಯ ಮೊದಲ ತುಂಡು ಬರೆದದ್ದನ್ನು ಹಾಗೇ ಹಿಂದಿರುಗಿಸುತ್ತದೆಯೇ ಎಂದು ಸಾಲಾಗಿ ನೋಡುತ್ತದೆ. ಎಲ್ಲ ಸರಿಯಿದ್ದರೆ ಒಂದು ಚಿಕ್ಕ ಬೀಪ್.

ದೋಷವನ್ನು ಪರದೆಯ ಮೇಲೆ ಬರೆದು ತೋರಿಸಬಹುದಿತ್ತಲ್ಲ ಎಂದರೆ, ಪರೀಕ್ಷೆ ನಡೆಯುವ ಹೊತ್ತಿಗೆ ಪರದೆ ಇನ್ನೂ ಎದ್ದೇ ಇರುವುದಿಲ್ಲ. ಕೆಟ್ಟಿರುವುದು ಡಿಸ್‌ಪ್ಲೇ ಕಾರ್ಡೇ ಆಗಿದ್ದರೆ ಅದನ್ನು ಹೇಳುವುದಾದರೂ ಯಾವುದರ ಮೇಲೆ? ಅದಕ್ಕೇ ಎಲ್ಲಕ್ಕಿಂತ ಕಡಿಮೆ ಭಾಗಗಳನ್ನು ಬೇಡುವ ಶಬ್ದವನ್ನು ಆರಿಸಿಕೊಂಡರು. ಐಬಿಎಂ ಯಂತ್ರದಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಡಿಸ್‌ಪ್ಲೇ ಕಡೆ ತೊಂದರೆ ಎಂದರ್ಥ. ಮುಂದೆ ಬಂದ ಎಎಂಐ ಬಯಾಸ್ ತನ್ನದೇ ಲಿಪಿ ಮಾಡಿಕೊಂಡಿತು. ಅದರಲ್ಲಿ ಒಂದು ಬೀಪ್ ಮೆಮೊರಿಯ ರಿಫ್ರೆಶ್ ದೋಷ, ಮೂರು ಬೀಪ್ ಮೆಮೊರಿಯ ಮೊದಲ 64 ಕಿಲೋಬೈಟಿನ ದೋಷ, ಎಂಟು ಬೀಪ್ ಡಿಸ್‌ಪ್ಲೇ ಮೆಮೊರಿಯ ದೋಷ. ರಿಪೇರಿ ಅಂಗಡಿಯ ಹುಡುಗರು ಇವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡಿದ್ದ ಕಾಲವಿತ್ತು. ಬೀಪ್ ಎಣಿಸಿ, ರ್‍ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸಿದರೆ ಅರ್ಧ ಕಂಪ್ಯೂಟರುಗಳು ಅಲ್ಲೇ ಎದ್ದು ಕೂರುತ್ತಿದ್ದವು.

ಈ ಬೀಪ್ ಹುಟ್ಟುವ ರೀತಿ ನನಗೆ ಬಹಳ ಇಷ್ಟ. ಆ ಪಿಸಿಯಲ್ಲಿ ಇಂಟೆಲ್‌ನ 8253 ಎಂಬ ಟೈಮರ್ ಚಿಪ್ ಇತ್ತು. ಸೆಕೆಂಡಿಗೆ ಸುಮಾರು 11 ಲಕ್ಷ 93 ಸಾವಿರ ಮಿಡಿತಗಳು ಅದಕ್ಕೆ ಬರುತ್ತಿದ್ದವು. ಮದರ್‌ಬೋರ್ಡಿನ ಮೂಲ ಹರಳು ಸೆಕೆಂಡಿಗೆ 1 ಕೋಟಿ 43 ಲಕ್ಷ ಸಲ ಮಿಡಿಯುತ್ತದೆ, ಅದನ್ನು 12ರಿಂದ ಭಾಗಿಸಿದರೆ ಸಿಗುವುದೇ ಈ ಸಂಖ್ಯೆ. ಮೂಲ ಹರಳಿಗೆ ಆ ಸಂಖ್ಯೆ ಬಂದದ್ದು ಅಮೆರಿಕದ ಬಣ್ಣದ ಟೀವಿಯ ಲೆಕ್ಕದಿಂದ. ಬಣ್ಣದ ಸಂಕೇತಕ್ಕೆ ಬೇಕಾದ 35 ಲಕ್ಷ 79 ಸಾವಿರದ ಸರಿಯಾಗಿ ನಾಲ್ಕು ಪಟ್ಟು ಅದು. ಟೀವಿಯನ್ನೇ ಮಾನಿಟರ್ ಮಾಡಿಕೊಳ್ಳಲು ಅನುಕೂಲವಾಗಲಿ ಎಂದು ಒಂದೇ ಹರಳಿನಿಂದ ಎಲ್ಲ ಕೆಲಸ ತೆಗೆದರು. ಟೈಮರಿಗೆ 1331 ಎಂಬ ಸಂಖ್ಯೆ ಕೊಟ್ಟರೆ ಅದು ಅಷ್ಟು ಮಿಡಿತಕ್ಕೊಂದು ಸುತ್ತು ಮುಗಿಸುತ್ತದೆ. ಭಾಗಿಸಿ ನೋಡಿ, ಸೆಕೆಂಡಿಗೆ ಸುಮಾರು 896 ಸುತ್ತು. ಅದೇ ಬೀಪ್‌ನ ಶ್ರುತಿ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೋ ಬೇರೆಡೆಯೋ ಕಿವಿ ಪರೀಕ್ಷೆ ಮಾಡಿಸಿಕೊಂಡವರಿಗೆ ನೆನಪಿರಬಹುದು, ಹೆಡ್‌ಫೋನ್ ಹಾಕಿ ಮೊದಲು ಕೇಳಿಸುವುದು ಸಾಮಾನ್ಯವಾಗಿ 1000 ಹರ್ಟ್ಸ್‌ನ ಸ್ವರ. ಬೀಪ್ ಅದಕ್ಕೆ ಹತ್ತಿರದ್ದು. ಆದರೆ ಅಲ್ಲಿಯ ಸ್ವರ ನಯವಾಗಿರುತ್ತದೆ, ಇದು ಒರಟು. ಟೈಮರಿಗೆ ಗೊತ್ತಿರುವುದು ಆನ್ ಮತ್ತು ಆಫ್ ಎರಡೇ ಆದ್ದರಿಂದ ಅದರ ಅಲೆ ಚೌಕಾಕಾರ. ಚೌಕದ ಅಲೆಯೊಳಗೆ ಮೂಲ ಸ್ವರದ ಜೊತೆಗೆ ಅದರ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟಿನ ಸ್ವರಗಳೂ ಸೇರಿಕೊಂಡಿರುತ್ತವೆ. 896ರ ಮೂರು ಪಟ್ಟು ಎಂದರೆ ಹತ್ತಿರಹತ್ತಿರ 2700. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2000ದಿಂದ 4000 ಹರ್ಟ್ಸ್‌ವರೆಗಿನ ಈ ಪಟ್ಟಿಯಲ್ಲೇ. ಅಂಗಡಿಯ ಆಚೆ ಕಸ ಗುಡಿಸುವವರಿಗೂ ಬೀಪ್ ಕೇಳಿಸುತ್ತಿದ್ದದ್ದು ಅದಕ್ಕೇ.

ಹಾಗಾದರೆ ಅದು ಹೋಯಿತೆಲ್ಲಿ? ಅವರ ಅಂಗಡಿಗೇ ಹೋಗಿ, ಪ್ಲಗ್ ಕಿತ್ತು, ಸಿಪಿಯು ಡಬ್ಬದ ಪಕ್ಕದ ತಗಡು ತೆಗೆದು ನೋಡಿದೆ. ಮದರ್‌ಬೋರ್ಡಿನ ಕೆಳಮೂಲೆಯಲ್ಲಿ, ಪವರ್ ಸ್ವಿಚ್ಚಿನ ಎಳೆವೈರುಗಳು ಬಂದು ಸೇರುವ ಕಡೆ, ಸಾಲಾಗಿ ನಿಂತ ನಾಲ್ಕು ಪಿನ್ನುಗಳು. ಪಕ್ಕದಲ್ಲಿ ಎಳ್ಳಿನಷ್ಟು ಬಿಳಿ ಅಕ್ಷರದಲ್ಲಿ ಸ್ಪೀಕರ್ ಎಂದು ಅಚ್ಚಾಗಿದೆ. ಪಿನ್ನುಗಳ ಮೇಲೆ ಏನೂ ಇಲ್ಲ. ಸುತ್ತಿಗೆಯೇ ಇಲ್ಲದ ಮೇಲೆ ಗಾಲಿ ಹೇಗೆ ನುಡಿದೀತು? ಹಳೆಯ ಕ್ಯಾಬಿನೆಟ್ಟುಗಳ ಜೊತೆ ಒಂದು ಪುಟ್ಟ ಸ್ಪೀಕರ್ ಬರುತ್ತಿತ್ತು. ಆಮೇಲೆ ಬೆರಳ ತುದಿಯಷ್ಟು ಕಪ್ಪು ಬಜರ್ ಬಂತು. ಈಗ ಬಹುಪಾಲು ಡಬ್ಬಗಳಲ್ಲಿ ಅದೂ ಇಲ್ಲ. ಬದಲಿಗೆ ಕೆಲವು ಬೋರ್ಡುಗಳ ಮೇಲೆ ಪ್ರೊಸೆಸರ್, ಮೆಮೊರಿ, ಡಿಸ್‌ಪ್ಲೇ, ಬೂಟ್ ಎಂದು ನಾಲ್ಕು ಕಿರುದೀಪ ಇಡುತ್ತಾರೆ. ಯಾವುದು ಆರದೆ ಉಳಿಯಿತೋ ಅಲ್ಲಿ ದೋಷ. ಮುಚ್ಚಿದ ತಗಡಿನ ಡಬ್ಬದೊಳಗೆ, ಮೇಜಿನ ಕೆಳಗೆ ಉರಿಯುವ ದೀಪವನ್ನು ನೋಡುವವರು ಯಾರು? ಕೆಲವೇ ರೂಪಾಯಿಯ ಬಜರ್ ಉಳಿಸಲು ಮಾಡಿದ ಈ ಕೆಲಸ ನನಗೆ ಸ್ವಲ್ಪವೂ ಹಿಡಿಸಿಲ್ಲ.

ಬಜರ್ ಬಿಡಿಯಾಗಿ ಸಿಗುತ್ತದೆ, ಸಿಕ್ಕಿಸಲು ನಿಮಿಷ ಸಾಕು. ಸಿಕ್ಕಿಸಿದ ಮೇಲೂ ಬೀಪ್ ಬರದಿದ್ದರೆ ಬಯಾಸ್ ಒಳಗೆ ಅದನ್ನು ಆಫ್ ಮಾಡಿರಬಹುದು. ಹೊಸ ಬೋರ್ಡುಗಳಲ್ಲಿ ಕೆಲವು, ಎಲ್ಲ ಸರಿಯಿದ್ದಾಗ ಸುಮ್ಮನಿದ್ದು ದೋಷವಿದ್ದಾಗ ಮಾತ್ರ ಕೂಗುತ್ತವೆ. ಇದನ್ನು ಪರೀಕ್ಷಿಸುವ ಹಳೆಯ ಉಪಾಯವೊಂದಿದೆ: ಪ್ಲಗ್ ಕಿತ್ತು, ರ್‍ಯಾಮ್ ಪೂರ್ತಿ ತೆಗೆದು, ಆಮೇಲೆ ಆನ್ ಮಾಡುವುದು. ಬಜರ್ ಕೂಗಿಕೊಂಡರೆ ಬೋರ್ಡ್ ಮತ್ತು ಪ್ರೊಸೆಸರ್ ಜೀವಂತವಾಗಿವೆ ಎಂದು ಧೈರ್ಯವಾಗಿ ಹೇಳಬಹುದು. ಆಗಲೂ ಮೌನವೇ ಆದರೆ ವಿಚಾರ ಗಂಭೀರ. ಪವರ್ ಸಪ್ಲೈ, ಬೋರ್ಡ್, ಪ್ರೊಸೆಸರ್ ಮೂರನ್ನೂ ನೋಡಬೇಕಾಗುತ್ತದೆ.

ಇನ್ನು ಸಂಗೀತ. ಅಂಗಡಿಯವರಿಗೆ ನಿಜಕ್ಕೂ ಬೇಕಾಗಿದ್ದದ್ದು ಇದೇ ಎಂದು ಮಾತಾಡುತ್ತ ಗೊತ್ತಾಯಿತು. ಕೆಲಸ ಶುರುವಾಗುವ ಮುಂಚೆ ಒಂದು ರಾಗ ನುಡಿಸುವ ರೂಢಿ ಕಂಪ್ಯೂಟರಿನದಲ್ಲ, ರೇಡಿಯೋದ್ದು. ಆಲ್ ಇಂಡಿಯಾ ರೇಡಿಯೋದ ಬೆಳಗಿನ ಪ್ರಸಾರಕ್ಕೆ ಮುಂಚೆ ತಂಬೂರಿಯ ಮೇಲೆ ತೇಲಿಬರುವ ಆ ಪಿಟೀಲಿನ ರಾಗವನ್ನು ರಚಿಸಿದವರು ವಾಲ್ಟರ್ ಕೌಫ್‌ಮನ್. ನಾಜಿಗಳ ಕಾಲದಲ್ಲಿ ಯುರೋಪು ಬಿಟ್ಟು ಮುಂಬೈಗೆ ಬಂದ ಯಹೂದಿ ಸಂಗೀತಗಾರ. ರಾಗ ಇಂಪಾಗಿತ್ತು ನಿಜ, ಅದರ ಜೊತೆಗೆ ಕೆಲಸವನ್ನೂ ಮಾಡುತ್ತಿತ್ತು. ಅದು ನುಡಿಯುತ್ತಿರುವಾಗ ಕೇಳುಗರು ಮುಳ್ಳು ತಿರುಗಿಸಿ ಸ್ಟೇಷನ್ ಸರಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಕಂಪ್ಯೂಟರಿಗೆ ಇಂಥ ಸಂಗೀತ ಬಂದ ಕಥೆಯಲ್ಲಿ ಆಪಲ್‌ನ ಜಿಮ್ ರೀಕ್ಸ್ ಹೆಸರು ಮುಖ್ಯ. ಹಳೆಯ ಮ್ಯಾಕಿಂಟಾಷ್‌ನ ಅಪಸ್ವರ ಸಹಿಸಲಾಗದೆ ಆತ ತನ್ನ ಕೊರ್ಗ್ ಕೀಬೋರ್ಡಿನಲ್ಲಿ ಸಿ ಮೇಜರ್ ಸ್ವರಮೇಳವೊಂದನ್ನು ನುಡಿಸಿದ. 1991ರ ಕ್ವಾಡ್ರಾ ಯಂತ್ರಗಳಲ್ಲಿ ಅದು ಸೇರಿತು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ಕ್ಕೆ ಬ್ರಿಟನ್ನಿನ ಬ್ರಯಾನ್ ಈನೋ ಸಂಗೀತ ಕೊಟ್ಟರು. ಮೂರೂಕಾಲು ಸೆಕೆಂಡಿನೊಳಗೆ ಸ್ಫೂರ್ತಿ, ಭಾವುಕತೆ, ಆಶಾವಾದ ಎಲ್ಲ ಇರಬೇಕು ಎಂದು ಮೈಕ್ರೋಸಾಫ್ಟ್‌ನವರು ಪಟ್ಟಿ ಕೊಟ್ಟರಂತೆ. ಈನೋ 84 ತುಣುಕು ಮಾಡಿದರು, ಆಯ್ಕೆಯಾದದ್ದು ಸುಮಾರು ಆರು ಸೆಕೆಂಡಿನದು. ಅದನ್ನು ಮಾಡಿದ್ದು ಆಪಲ್ ಮ್ಯಾಕ್ ಮೇಲೆ ಎಂದು ಮುಂದೆ ಅವರೇ ಹೇಳಿಕೊಂಡರು. 2025ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು, ಸರಿಯಾದ ಗೌರವ. ನಮ್ಮ ಅಂಗಡಿಯವರು ಕಳೆದುಕೊಂಡದ್ದು ವಿಂಡೋಸ್ 7ರ ಸಂಗೀತ. ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಮತ್ತು ಜೊತೆಗಾರರು ವಿಸ್ಟಾಕ್ಕಾಗಿ ರೂಪಿಸಿದ ಆ ತುಣುಕನ್ನು 7ರಲ್ಲೂ ಉಳಿಸಿಕೊಂಡಿದ್ದರು.

2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ಸಂಗೀತವನ್ನು ತಾನಾಗಿಯೇ ಬಾರದಂತೆ ಮಾಡಿತು. ವಿಂಡೋಸ್ 10ರಲ್ಲೂ ಹಾಗೇ. 2021ರ ವಿಂಡೋಸ್ 11ರಲ್ಲಿ ಮತ್ತೆ ತಂದಿತು. ಆದ್ದರಿಂದ 'ಈಗಿನದರಲ್ಲಿ ಬರಲ್ಲ' ಎಂಬ ಮಾತು 8ಕ್ಕೂ 10ಕ್ಕೂ ಅರ್ಧ ನಿಜ, 11ಕ್ಕೆ ತಪ್ಪು. ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಷನ್, ಥೀಮ್ಸ್, ಸೌಂಡ್ಸ್ ಎಂದು ಹೋದರೆ 'ಪ್ಲೇ ವಿಂಡೋಸ್ ಸ್ಟಾರ್ಟಪ್ ಸೌಂಡ್' ಎಂಬಲ್ಲಿ ಟಿಕ್ ಹಾಕುವ ಚೌಕವಿದೆ.

ವಿಂಡೋಸ್ 10ರಲ್ಲಿ ಟಿಕ್ ಹಾಕಿದರೂ ಬರುವುದಿಲ್ಲ ಎಂಬ ದೂರಿಗೆ ಇನ್ನೊಂದು ಕಾರಣವಿದೆ, ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೆ ಕಂಪ್ಯೂಟರ್ ಪೂರ್ತಿ ಆರುವುದಿಲ್ಲ. ವಿಂಡೋಸ್‌ನ ತಿರುಳು ಮತ್ತು ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿನ ಒಂದು ಫೈಲಿಗೆ ಬರೆದಿಟ್ಟು, ಮರುದಿನ ಅದನ್ನೇ ಎತ್ತಿ ಮುಂದುವರಿಸುತ್ತದೆ. ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ ಮಾತ್ರ. ಶಟ್‌ಡೌನ್ ಮಾಡಿ ಆನ್ ಮಾಡಿದಾಗ ಮೌನ, ರೀಸ್ಟಾರ್ಟ್‌ನಲ್ಲಿ ಸಂಗೀತ ಎಂದಾದರೆ ಕಳ್ಳ ಸಿಕ್ಕಿದಂತೆಯೇ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಅದನ್ನು ತೆಗೆಯಬಹುದು.

ಅಶೋಕಪುರಂ ಅಂಗಡಿಯಲ್ಲಿ ಇದ್ದದ್ದು ವಿಂಡೋಸ್ 11. ಚೌಕದಲ್ಲಿ ಟಿಕ್ ಇತ್ತು. ಒಂದು ಹಾಡು ಹಾಕಿ ನೋಡೋಣ ಎಂದೆ. ಅದೂ ಕೇಳಿಸಲಿಲ್ಲ. ಅವರು ಕೆಲಸದ ಮಧ್ಯೆ ಹಾಡು ಹಾಕುವವರಲ್ಲ, ಹಾಗಾಗಿ ಯಾವ ಸದ್ದೂ ಬರುತ್ತಿಲ್ಲ ಎಂಬುದು ಗಮನಕ್ಕೆ ಬಂದಿರಲಿಲ್ಲ. ಪರದೆಯ ಬಲಮೂಲೆಯ ಸ್ಪೀಕರ್ ಚಿತ್ರ ಒತ್ತಿ, ಸದ್ದು ಯಾವ ಸಾಧನಕ್ಕೆ ಹೋಗುತ್ತಿದೆ ಎಂದು ನೋಡಿದರೆ, ಅಲ್ಲಿದ್ದದ್ದು ಮಾನಿಟರಿನ ಹೆಸರು. ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಶಬ್ದವನ್ನೂ ಹೊರುತ್ತದೆ. ಹೊಸ ಮಾನಿಟರ್ ಸೇರಿಸಿದಾಗ ವಿಂಡೋಸ್ ಕೆಲವೊಮ್ಮೆ ಅದನ್ನೇ ಸ್ಪೀಕರ್ ಎಂದು ಆರಿಸಿಕೊಳ್ಳುತ್ತದೆ. ಆ ಮಾನಿಟರಿನಲ್ಲಿ ಸ್ಪೀಕರೇ ಇಲ್ಲ. ಫ್ರಿಪ್ ಸಂಗೀತದ ಜಾಗಕ್ಕೆ ಬಂದ ಹೊಸ ಸಂಗೀತ ದಿನವೂ ತಪ್ಪದೆ ನುಡಿಯುತ್ತಿತ್ತು, ಕೇಬಲ್ ದಾಟಿ ಕಿವುಡು ಪೆಟ್ಟಿಗೆಯೊಳಗೆ ಮುಗಿದುಹೋಗುತ್ತಿತ್ತು. ಹಸಿರು ತೂತಿಗೆ ಸಿಕ್ಕಿಸಿದ ಹಳೆಯ ಸ್ಪೀಕರನ್ನು ಆರಿಸಿದ್ದೇ ತಡ, ಹಾಡು ಕೇಳಿಸಿತು. ರೀಸ್ಟಾರ್ಟ್ ಕೊಟ್ಟಾಗ ಸಂಗೀತವೂ ಬಂತು.

ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡವರಿಗೆ ಮಾತ್ರ ಇಷ್ಟು ಸುಲಭವಲ್ಲ. ಸಂಪರ್ಕ ಕೂಡಿಕೊಳ್ಳುವ ಹೊತ್ತಿಗೆ ಸಂಗೀತ ಮುಗಿದಿರುತ್ತದೆ, ಅದಕ್ಕೆ ವೈರಿನ ಸ್ಪೀಕರೇ ಬೇಕು. ಎಲ್ಲವನ್ನೂ ಒಂದೇ ಕ್ಲಿಕ್ಕಿನಲ್ಲಿ ಸರಿಮಾಡುತ್ತೇವೆ ಎನ್ನುವ ಡ್ರೈವರ್ ಅಪ್‌ಡೇಟ್ ತಂತ್ರಾಂಶಗಳಿಗೆ ಯಾರೂ ದುಡ್ಡು ಕೊಡಬೇಡಿ. ಇಲ್ಲಿ ಹೇಳಿದ ಯಾವ ತೊಂದರೆಗೂ ಅವು ಮದ್ದಲ್ಲ.

ಕಣ್ಣು ಕಾಣದವರ ಪಾಲಿಗೆ ಈ ಸದ್ದುಗಳು ಅಲಂಕಾರವಲ್ಲ. ಯಂತ್ರ ಎದ್ದಿತೇ, ಪಾಸ್‌ವರ್ಡ್ ಹೊಡೆಯಲು ಸಿದ್ಧವೇ ಎಂದು ಅವರಿಗೆ ತಿಳಿಯುವುದು ಕಿವಿಯಿಂದಲೇ. ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರಾದ ಮೈಕೇಲ್ ಕರ್ರನ್ ಮತ್ತು ಜೇಮ್ಸ್ ಟೇ ಬೆಳೆಸಿದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಕನ್ನಡದಲ್ಲೂ ಓದಿ ಹೇಳುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಲಾಗಿನ್ ಪರದೆಯಲ್ಲೇ ಮಾತು ಶುರುಮಾಡುವ ಆಯ್ಕೆ ಇದೆ. ಶಾಲೆ, ಗ್ರಂಥಾಲಯ, ಸೇವಾಕೇಂದ್ರಗಳಿಗೆ ಕಂಪ್ಯೂಟರ್ ಜೋಡಿಸಿಕೊಡುವವರು ಆ ಆಯ್ಕೆಯನ್ನು ಆನ್ ಮಾಡಿ, ಖಾಲಿ ನಿಂತ ನಾಲ್ಕು ಪಿನ್ನಿಗೆ ಒಂದು ಬಜರ್ ಸಿಕ್ಕಿಸಿ, ಸದ್ದು ಯಾವ ಸ್ಪೀಕರಿಗೆ ಹೋಗುತ್ತಿದೆ ಎಂದು ನೋಡಿಯೇ ಡಬ್ಬ ಮುಚ್ಚಬೇಕು ಎಂದು ಕೇಳಿಕೊಳ್ಳುತ್ತೇನೆ.