ಮಾಡಿನಡಿಯ ಲೆಕ್ಕ

ಹೆಂಚಿನ ಮಾಡು ಇಳಿಜಾರಾಗಿರುವಾಗ ಅಟ್ಟದ ಜಾಗವನ್ನು ಲೆಕ್ಕ ಹಾಕುವುದು ಹೇಗೆ? — ಓದುಗರು, ಶ್ರೀಮಂಗಲ

ಕೊಡಗಿನ ಮಳೆಗೆ ಎರಡೂ ಕಡೆ ಇಳಿಬಿಟ್ಟ ಮಾಡಿನಡಿಯ ಅಟ್ಟವೆಂದರೆ ಅಡ್ಡ ಮಲಗಿಸಿದ ತ್ರಿಭುಜ ಪಟ್ಟಕ. ಪಟ್ಟಕವನ್ನು ಇಸ್ಪೀಟು ಕಟ್ಟಿನಂತೆ ನೋಡಿ: ಅಲ್ಲಿ ಎಲ್ಲ ಎಲೆಗಳೂ ಒಂದೇ ಅಳತೆ. ಒಂದು ಎಲೆಯ ವಿಸ್ತೀರ್ಣವನ್ನು ಕಟ್ಟಿನ ದಪ್ಪದಿಂದ ಗುಣಿಸಿದರೆ ಅದರ ಘನಫಲ. ಅಟ್ಟವೂ ಹಾಗೆಯೇ, ಎಲೆ ಮಾತ್ರ ತ್ರಿಕೋನ. ಅಗಲ 6 ಮೀಟರ್, ನಡುವಿನ ಎತ್ತರ 2 ಮೀಟರ್ ಎನ್ನಿ: ಗುಣಲಬ್ಧದ ಅರ್ಧ, 6 ಚದರ ಮೀಟರ್. ಮನೆಯ ಉದ್ದ 10 ಮೀಟರಾದರೆ ಜಾಗ 60 ಘನ ಮೀಟರ್. ಇಳಿಜಾರಿನ ಲೆಕ್ಕ ಆ ಅರ್ಧದಲ್ಲೇ ಮುಗಿಯಿತು.

ಒಂದು ಇಳಿಜಾರು ಉದ್ದ, ಇನ್ನೊಂದು ಗಿಡ್ಡವಾಗಿದ್ದರೆ? ಉತ್ತರ ಬದಲಾಗದು, ಎತ್ತರವನ್ನು ಮಾಡಿನ ಗುಂಟ ಅಳೆಯದೆ ನೆಟ್ಟಗೆ ಅಳೆದರಾಯಿತು. ಆದರೆ ನಾಲ್ಕೂ ಕಡೆ ಇಳಿಯುವ ಮಾಡಿಗೆ ಈ ಸೂತ್ರ ನಡೆಯದು: ತುದಿಗೆ ಹೋದಂತೆ ಅಲ್ಲಿ ಎಲೆ ಕಿರಿದಾಗುತ್ತದೆ.